ಕತ್ತರಿ ಜಾಗ

ನನ್ನ ಹೆಸರು ದಯಾನಂದ ಸ್ಯಾಮುಯೆಲ್. ಕೇಳಿದ್ದೀರಾ? ಇಲ್ಲ ತಾನೆ? ಪರವಾಗಿಲ್ಲ ಬಿಡಿ, ನೀವು ಕೇಳಿರಬಾರದು ಅಂತಲೇ ನನಗೆ ಕೆಲಸ ಕೊಟ್ಟಿದ್ದರು. ಆದರೆ ನನ್ನ ಸಂಗೀತ ನಿಮ್ಮ ಕಿವಿಗೆ ಬೀಳದ ದಿನ ಒಂದೂ ಇರಲಾರದು. ಧಾರಾವಾಹಿಯಲ್ಲಿ ಅತ್ತೆ ಬಾಗಿಲ ಸಂದಿಯಿಂದ ಸೊಸೆಯನ್ನು ನೋಡುವಾಗ ಹಿಂದೆ ಏನೋ ಗುಂಯ್ ಅನ್ನುತ್ತಲ್ಲ, ಅದು ನಂದು. ಕುಕ್ಕರ್ ಜಾಹೀರಾತಿನಲ್ಲಿ ಇಡೀ ಮನೆಮಂದಿ ಸುಮ್‌ಸುಮ್ನೆ ನಗುವಾಗ ಟಿಣಿಟಿಣಿ ಅನ್ನುತ್ತಲ್ಲ, ಅದೂ ನಂದು. ಬ್ಯಾಂಕಿಗೆ ಫೋನ್ ಮಾಡಿದರೆ ಕಾಯಿಸಿ ಕಾಯಿಸಿ ತಲೆ ತಿನ್ನುವ ಆ ರಾಗ ಇದೆಯಲ್ಲ, ಅದಕ್ಕೂ ನನ್ನನ್ನೇ ಬೈಯಬೇಕು.

ಮೈಸೂರಿನ ಕ್ರೈಸ್ತರ ಮನೆಯ ಹುಡುಗ ನಾನು. ಚರ್ಚಿನ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಕಲಿತವನು. ಆಮೇಲೆ ಕೀಬೋರ್ಡು, ಕಂಪ್ಯೂಟರು, ಗ್ಯಾರೇಜಿನ ಗೋಡೆಗೆಲ್ಲ ಕಂಬಳಿ ಹೊಡೆದು ಮಾಡಿಕೊಂಡ ಸ್ಟುಡಿಯೋ. ಬೆಂಗಳೂರಿನ ‘ನಾದಭಂಡಾರ’ ಕಂಪನಿಗೆ ತುಣುಕು ಬರೆದುಕೊಡೋದು ನನ್ನ ಕಸುಬು. ಸಿನಿಮಾದವರ ಹಾಗೆ ಕಥೆ ಕೇಳಿ ಸಂಗೀತ ಮಾಡೋದಲ್ಲ ಇದು. ಕಥೆ ಗೊತ್ತಿಲ್ಲದೆಯೇ ಮಾಡಿ ಇಡಬೇಕು, ಯಾರಿಗೆ ಯಾವಾಗ ಬೇಕೋ ಎತ್ತಿಕೊಂಡು ಹಾಕ್ಕೋತಾರೆ. ಒಂದೊಂದು ತುಣುಕಿಗೂ ಒಂದು ಚೀಟಿ: ‘ಹಗುರ ದುಃಖ’, ‘ನಾಳೆ ಎಲ್ಲ ಸರಿಹೋಗುತ್ತೆ’, ‘ಅನುಮಾನ, ಮನೆಯವರ ಮೇಲೆ’. ನಗಬೇಡಿ, ಆ ಕೊನೇದು ಸಿಕ್ಕಾಪಟ್ಟೆ ಓಡ್ತು.

ಈ ಕಸುಬಿನಲ್ಲಿ ಒಂದು ಕಟ್ಟಪ್ಪಣೆ ಇದೆ. ರಾಗ ಮುಗಿಯಬಾರದು. ಮುಗಿದರೆ ನೋಡುವವರ ಗಮನ ಆ ಕಡೆ ಹೋಗುತ್ತೆ. ಆದರೆ ಎಡಿಟರ್ ಅನ್ನೋ ಪ್ರಾಣಿ ಎಲ್ಲಿ ಬೇಕಾದರೂ ಕತ್ತರಿಸುತ್ತಾನೆ, ಅವನಿಗೂ ಅನುಕೂಲ ಮಾಡಿಕೊಡಬೇಕು. ಅದಕ್ಕೆ ನಾವು ನಾಲ್ಕು ನಾಲ್ಕು ಆವರ್ತಕ್ಕೊಂದು ‘ಕತ್ತರಿ ಜಾಗ’ ಇಡ್ತೀವಿ. ಅಲ್ಲಿ ರಾಗ ಮನೆ ತಲುಪಿದ ಹಾಗೆ ಕೇಳಿಸಬೇಕು, ಆದರೆ ಹೊಸ್ತಿಲು ಮುಟ್ಟಿ ಮತ್ತೆ ಹೊರಟುಬಿಡಬೇಕು. ಕತ್ತರಿಸಿದರೂ ಸರಿ, ಬಿಟ್ಟರೂ ಸರಿ. ಈ ಕತ್ತರಿ ಜಾಗ ಇಡೋದರಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ, ಹೇಳಿಕೊಳ್ಳೋಕೆ ನಾಚಿಕೆ ಏನಿಲ್ಲ.

ಆಮೇಲೆ ಕಿವಿಮಣಿ ಬಂತು. ಅವರೆಕಾಳಿನಷ್ಟು ಗಾತ್ರ, ಕಿವಿಯ ಹಿಂದಿನ ಮೂಳೆಗೆ ಅಂಟಿಸಿಬಿಟ್ಟರೆ ಮುಗೀತು. ನಾಡಿ ಹೇಗಿದೆ, ಉಸಿರು ಹೇಗಿದೆ ಅಂತ ತಾನೇ ನೋಡಿ, ಅದಕ್ಕೆ ತಕ್ಕ ತುಣುಕನ್ನು ನಮ್ಮ ನಾದಭಂಡಾರದಿಂದ ತೆಗೆದು ಮೂಳೆಯ ಮೂಲಕ ಮೆಲ್ಲಗೆ ನುಡಿಸುತ್ತೆ. ಮೊದಲು ಬಿ.ಪಿ. ಇದ್ದವರಿಗೆ ಕೊಟ್ಟರು. ಬಿ.ಪಿ. ಇಳೀತು. ಆಮೇಲೆ ಶಾಲೆಯವರು ಹಾಕಿಸಿದರು. ತರಗತಿಯಲ್ಲಿ ಗಲಾಟೆ ನಿಂತುಹೋಯಿತು, ಮೇಷ್ಟ್ರುಗಳಿಗೆ ಸ್ವರ್ಗ. ಕಡೆಗೆ ಕಿವಿ ಚುಚ್ಚಿಸೋ ಹಾಗೆ ಮಗುವಿಗೆ ಮಣಿ ಹಾಕಿಸೋದೂ ಒಂದು ಶಾಸ್ತ್ರ ಆಯಿತು. ಹೋಳಿಗೆ ಊಟ, ಫೋಟೋ, ಸೋದರಮಾವನ ಕಡೆಯಿಂದ ಬಟ್ಟೆ, ಎಲ್ಲ ಜಾತಿಯವರೂ ಮಾಡಿದರು. ಮಣಿಯ ನಿಯಮವೂ ನಮ್ಮದೇ. ರಾಗ ಮುಗಿದರೆ ನಾಡಿ ಮೇಲೆ ಕೆಳಗೆ ಆಗುತ್ತೆ, ಆದ್ದರಿಂದ ಮುಗಿಯಲೇಬಾರದು.

ನನ್ನ ಹೆಂಡತಿ ಸಲೋಮಿ ನರ್ಸ್ ಆಗಿದ್ದವಳು. ತಾನು ಹಾಕಿಸಿಕೊಳ್ಳಲಿಲ್ಲ. “ನನ್ನ ತಲೇಲಿ ನನ್ನ ಗಲಾಟೇನೇ ಬೇಕಾದಷ್ಟಿದೆ ರೀ, ನಿಮ್ಮದು ಯಾಕೆ,” ಅಂದಳು. ನಾನೂ ಹಾಕಿಸಿಕೊಳ್ಳಲಿಲ್ಲ. ದಿನವೆಲ್ಲ ಅದನ್ನೇ ಮಾಡಿ ಸಾಕಾಗಿರುತ್ತಿತ್ತು. ಮಗಳು ಎಸ್ತರ್‌ಗೆ ಮಾತ್ರ ಶಾಲೆಗೆ ಸೇರಿಸುವಾಗ ಹಾಕಿಸಿದೆವು, ಇಲ್ಲದಿದ್ದರೆ ಸೀಟು ಕೊಡ್ತಿರಲಿಲ್ಲ. ಮಣಿ ಹಾಕಿಸಿಕೊಂಡು ಬೆಳೆದ ಮೊದಲನೇ ತಂಡದವಳು ಅವಳು.

ಎಸ್ತಿ ಬೆಳೆದು ಪಿ.ಟಿ. ಮೇಡಂ ಆದಳು. ಕೊರಳಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಶೂಸು, ಬಾಯಿ ಮಾತ್ರ ಅವಳಮ್ಮಂದು. ನಾನು ಗ್ಯಾರೇಜಿನಿಂದ ಹೊರಗೆ ಬಂದರೆ, “ಏನ್ ಪಪ್ಪ, ಇವತ್ತು ಯಾವ ಅತ್ತೆಗೆ ಅನುಮಾನ?” ಅಂತ ರೇಗಿಸೋಳು. ಅವಳಿಂದಲೇ ನನಗೆ ಹೊಸ ಪ್ರಪಂಚದ ಸುದ್ದಿ ಸಿಗ್ತಿದ್ದದ್ದು. ಖೋಖೋ ಆಟದಲ್ಲಿ ಕೊನೆಯ ಸೀಟಿ ಊದಿದರೂ ಮಕ್ಕಳು ಓಡ್ತಾನೇ ಇರ್ತಾವಂತೆ, ಹಿಡಿದು ನಿಲ್ಲಿಸಬೇಕಂತೆ. ಮದುವೆ ಮನೆಯಲ್ಲಿ ಮಜ್ಜಿಗೆ ಅನ್ನ ಆದಮೇಲೂ ಹುಡುಗರು ಎಲೆ ಮುಂದೆ ಕೂತೇ ಇರ್ತಾರಂತೆ. ಸಿಟಿ ಬಸ್ಸಿನ ಕಂಡಕ್ಟರು ಕಡೇ ಸ್ಟಾಪಿನಲ್ಲಿ ಒಬ್ಬೊಬ್ಬರ ಭುಜ ಅಲ್ಲಾಡಿಸಿ ಇಳಿಸ್ತಾನಂತೆ. ಹೇಳಿಕೊಂಡು ಬಿದ್ದು ಬಿದ್ದು ನಗೋಳು. ನಾವೂ ನಗ್ತಿದ್ದೆವು.

ಒಂದು ಬೆಳಿಗ್ಗೆ ಉಪ್ಪಿಟ್ಟು ಬಾಯಿಗಿಡೋಕಾಗಲಿಲ್ಲ. ಎಸ್ತಿ ಎರಡು ಸಲ ಉಪ್ಪು ಹಾಕಿದ್ದಳು. ಸಲೋಮಿ ತಟ್ಟೆ ಸರಿಸಿ ಅವಳ ಕೆಳರೆಪ್ಪೆ ಎಳೆದು ನೋಡಿದಳು. “ಯಾವಾಗಿಂದ ನಿದ್ದೆ ಮಾಡಿಲ್ಲ ನೀನು?”

“ಮಾಡ್ತೀನಲ್ಲಮ್ಮ. ಕಣ್ಣು ಮುಚ್ಕೊಂಡು ಮಲಗಿರ್ತೀನಿ. ಬೆಳಗಾಗುತ್ತೆ.” ನನ್ನ ಕಡೆ ತಿರುಗಿ, “ಪಪ್ಪ, ನಿದ್ದೆ ಬರೋದು ಅಂದ್ರೆ ನಿಜವಾಗ್ಲೂ ಹೇಗಿರುತ್ತೆ?” ಅಂದಳು.

ತಮಾಷೆ ಮಾಡ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದೆ, ತಮಾಷೆ ಇರಲಿಲ್ಲ.

ಅವಳೊಬ್ಬಳೇ ಅಲ್ಲ. ಅವಳ ವಾರಿಗೆಯವರೆಲ್ಲ ಹಾಗೇ. ಕೆಲವರಿಗೆ ನಿದ್ದೆ ತೆಳ್ಳಗಾಗಿತ್ತು, ಕೆಲವರಿಗೆ ನಿಂತೇಹೋಗಿತ್ತು. ನಿಂತುಹೋದವರ ಹೃದಯ ಹೆಚ್ಚು ಕಾಲ ತಾಳುತ್ತಿರಲಿಲ್ಲ. ಪೇಪರಿನಲ್ಲಿ ಎಳೆ ವಯಸ್ಸಿನವರ ಶ್ರದ್ಧಾಂಜಲಿ ಫೋಟೋಗಳು ಪುಟ ತುಂಬ ಬರೋಕೆ ಶುರುವಾಯಿತು. ಮಣಿ ಕಿತ್ತು ಹಾಕಿದರೂ ಪ್ರಯೋಜನ ಇರಲಿಲ್ಲ. ಅದು ಇಲ್ಲದಿದ್ದರೂ ತಲೆಯೊಳಗೆ ರಾಗ ತನ್ನಷ್ಟಕ್ಕೆ ಓಡ್ತಾ ಇರುತ್ತಿತ್ತು.

ಬೆಂಗಳೂರಿನ ನಿದ್ರಾ ಪ್ರಯೋಗಾಲಯದ ಡಾಕ್ಟರ್ ರೇವತಿ ಗೂಳಪ್ಪ ನನಗೆ ಫೋನ್ ಮಾಡಿದಾಗ, ನಾನೊಬ್ಬ ದಡ್ಡ, ಏನೋ ಸನ್ಮಾನಕ್ಕೆ ಕರೀತಾರೆ ಅಂದುಕೊಂಡೆ. ಇಸ್ತ್ರಿ ಷರ್ಟು ಹಾಕ್ಕೊಂಡು, ಎಸ್ತಿಯನ್ನೂ ತೋರಿಸಿದ ಹಾಗಾಗುತ್ತೆ ಅಂತ ಕರೆದುಕೊಂಡು ಹೋದೆ. ಆಕೆ ಎಣ್ಣೆ ಕಾಣದ ಕೂದಲನ್ನು ಗಂಟು ಹಾಕಿಕೊಂಡು, ಸ್ವೆಟರ್ ತೋಳು ಮೇಲೆ ಮಾಡಿಕೊಂಡು ಬಂದರು. ನಮಸ್ಕಾರಕ್ಕೂ ಮುಂಚೆ ಒಂದು ಪರದೆ ತೋರಿಸಿದರು.

“ದಯಾನಂದ ಅವರೇ, ಈ ಭಾಗದ ಹುಡುಗರ ತಲೆಯಲ್ಲಿ ಓಡ್ತಿರೋ ರಾಗಗಳನ್ನ ಹಾಡಿಸಿ ಹಾಡಿಸಿ ಹುಡುಕಿದ್ವಿ. ಮುಕ್ಕಾಲು ಭಾಗ ನಿಮ್ಮದೇ.”

ಒಂದು ಕ್ಷಣ ಖುಷಿಯಾಯಿತು. ಸುಳ್ಳು ಹೇಳಲ್ಲ, ಖುಷಿಯೇ ಆಯಿತು. ಆಕೆಗೆ ಅದು ಗೊತ್ತಾಯಿತು ಅಂತ ಕಾಣುತ್ತೆ, ಕುರ್ಚಿ ತೋರಿಸಿ ಕೂರಿಸಿ ನಿಧಾನವಾಗಿ ವಿವರಿಸಿದರು.

ರಾಗ ಮುಗಿದಾಗ ಮೆದುಳು ತಾನು ಹಿಡಿದುಕೊಂಡಿದ್ದನ್ನು ಕೈಬಿಡುತ್ತಂತೆ. ಪರದೆಯ ಮೇಲೆ ಆಗ ಒಂದು ಗೆರೆ ಕೆಳಗಿಳಿಯುತ್ತೆ. ನಿದ್ದೆಗೆ ಜಾರುವಾಗಲೂ ಇಳಿಯೋದು ಅದೇ ಗೆರೆ. ಎಳೆಗೂಸಿಗೆ ಜೋಗುಳ ಹಾಡಿ ನಿಲ್ಲಿಸ್ತೀವಲ್ಲ, ಅಲ್ಲಿಂದಲೇ ಮೆದುಳು ಕೈಬಿಡೋದನ್ನು ಅಭ್ಯಾಸ ಮಾಡುತ್ತೆ. ಈ ಮಕ್ಕಳಿಗೆ ಆ ಅಭ್ಯಾಸವೇ ತಪ್ಪಿಹೋಗಿದೆ. ಮಾತ್ರೆ ಕೊಟ್ಟರೆ ಮಂಪರು ಬರುತ್ತೆ, ನಿದ್ದೆ ಬರಲ್ಲ.

“ಅದಕ್ಕೇ ನಿಮ್ಮನ್ನ ಕರೆಸಿದ್ದು. ತಲೇಲಿ ಓಡ್ತಿರೋ ರಾಗಗಳು ನಿಮ್ಮವು. ಅವಕ್ಕೆ ನೀವೇ ಮುಕ್ತಾಯ ಬರೀಬೇಕು. ಒಂದೇ ಒಂದು ಸಲ ಮೆದುಳು ಕೈಬಿಡ್ತು ಅಂದ್ರೆ ದಾರಿ ಗೊತ್ತಾಗಿಬಿಡುತ್ತೆ.”

“ಇಷ್ಟೇ ತಾನೆ? ಅದಕ್ಕೆ ಇಷ್ಟು ಗಾಬರಿ ಯಾಕೆ ಮೇಡಂ?” ಅಂದೆ. ಚರ್ಚಿನಲ್ಲಿ ವಾರ ವಾರ ಹಾಡಿನ ಕೊನೆಗೆ ಆಮೆನ್ ನುಡಿಸಿದವನಿಗೆ ಮುಗಿಸೋಕೆ ಹೇಳಿಕೊಡಬೇಕೇ?

ಎಸ್ತಿಯ ತಲೆಗೆ ವೈರುಗಳನ್ನು ಅಂಟಿಸಿ ಗಾಜಿನ ಆಚೆ ಕೂರಿಸಿದರು. ಅವಳು ನನ್ನನ್ನು ನೋಡಿ ಹೆಬ್ಬೆರಳು ಎತ್ತಿದಳು. ನಾನು ಅವಳಿಗೆ ಚೆನ್ನಾಗಿ ಗೊತ್ತಿರೋ ತುಣುಕೊಂದನ್ನು ಹಾಕಿ, ಅದರ ತುದಿಗೆ ಆ ದಿನವೇ ಬರೆದ ಮುಕ್ತಾಯ ಜೋಡಿಸಿದೆ. ಸುಮ್ಮನೆ ಬರೆದದ್ದಲ್ಲ, ಹತ್ತು ಸಲ ಅಳಿಸಿ ಬರೆದದ್ದು. ಪರದೆಯ ಗೆರೆ ಇಳಿಯತೊಡಗಿತು. ಸ್ವಲ್ಪ ಇಳಿದು, ಅಲ್ಲೇ ನಿಂತುಕೊಂಡಿತು.

“ಕಾಯ್ತಿದ್ದಾಳೆ,” ಅಂದರು ರೇವತಿ.

ಮೈಕಿನಲ್ಲಿ ಎಸ್ತಿಯ ದನಿ ಬಂತು. “ಚೆನ್ನಾಗಿದೆ ಪಪ್ಪ. ಆಮೇಲೆ?”

ಇನ್ನೊಂದು ಬರೆದೆ. ಮತ್ತೊಂದು ಬರೆದೆ. ನಿಧಾನ ಮಾಡಿದೆ, ಜೋರು ಮಾಡಿದೆ, ನಗಾರಿ ಹೊಡೆಸಿದೆ. ಮೈಸೂರಿಗೂ ಬೆಂಗಳೂರಿಗೂ ರೈಲಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಹಾರ್ಮೋನಿಯಂ ಹೊತ್ತುಕೊಂಡು ಹೋಗಿ ಅವಳ ಎದುರಿಗೇ ಕೂತು, ಐದೂ ಬೆರಳು ಒತ್ತಿ ಉದ್ದಕ್ಕೆ ಆಮೆನ್ ನುಡಿಸಿದೆ. ಪ್ರತಿ ಸಲವೂ ಗೆರೆ ಅಷ್ಟೇ ಇಳಿದು ಅಲ್ಲೇ ನಿಲ್ಲುತ್ತಿತ್ತು. ಎಸ್ತಿ ಪಾಪ ಮರ್ಯಾದೆಗೆ ಕಾಯ್ತಾ ಕೂತಿರೋಳು.

ಕಡೆಗೆ ರೇವತಿ ನನ್ನ ಹಳೆಯ ತುಣುಕಿನ ಗೆರೆಯನ್ನೂ ಹೊಸ ಮುಕ್ತಾಯದ ಗೆರೆಯನ್ನೂ ಒಂದರ ಮೇಲೊಂದು ಇಟ್ಟರು. “ಇಲ್ಲಿ ನೋಡಿ. ಹಳೇದರಲ್ಲೂ ನಾಲ್ಕು ನಾಲ್ಕು ಆವರ್ತಕ್ಕೊಮ್ಮೆ ಇದೇ ಥರ ಇಳಿದು ನಿಲ್ಲುತ್ತೆ. ಏನಿಟ್ಟಿದ್ದೀರಿ ಇಲ್ಲಿ?”

“ಕತ್ತರಿ ಜಾಗ,” ಅಂದೆ. ಏನು ಅಂತ ವಿವರಿಸಿದೆ.

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ್ರೆ ಈ ಮಕ್ಕಳು ಚಿಕ್ಕಂದಿನಿಂದ ಲಕ್ಷಾಂತರ ಸಲ ‘ಮುಗೀತು’ ಅಂತ ಕೇಳಿದ್ದಾರೆ. ಪ್ರತಿ ಸಲವೂ ಅದು ಮುಗಿದಿಲ್ಲ. ಈಗ ನೀವು ನಿಜವಾಗ್ಲೂ ಮುಗಿಸಿದರೂ ಮೆದುಳು ನಂಬಲ್ಲ. ನೀವಲ್ಲ, ಯಾರು ಮುಗಿಸಿದರೂ ನಂಬಲ್ಲ.”

ನನಗೆ ರೇಗಿಹೋಯಿತು. “ಅದು ನನ್ನ ಕೆಲಸ ಮೇಡಂ! ಕತ್ತರಿ ಜಾಗ ಇಡದಿದ್ದರೆ ತುಣುಕು ವಾಪಸ್ ಬರ್ತಿತ್ತು. ಒಬ್ಬ ಎಡಿಟರೂ ಬೈದಿಲ್ಲ ನನ್ನನ್ನ ಇಲ್ಲೀವರೆಗೆ!” ಅಂತ ಕೂಗಾಡಿದೆ. ಗಾಜಿನ ಆಚೆ ಎಸ್ತಿ ವೈರುಗಳ ಸಮೇತ ಕಾಲು ಆಡಿಸ್ತಾ ಕೂತಿದ್ದಳು.

ನಾದಭಂಡಾರದ ಮ್ಯಾನೇಜರ್ ಉತ್ತಪ್ಪ ಅಂತ. ಒಳ್ಳೆಯವನೇ, ಕ್ರಿಸ್‌ಮಸ್ಸಿಗೆ ತಪ್ಪದೆ ಕೇಕು ಕಳಿಸೋನು. ಅವನಿಗೆ ಫೋನ್ ಮಾಡಿ, ಮಣಿಯಲ್ಲಿ ಈಗ ಓಡ್ತಿರೋದನ್ನೆಲ್ಲ ನಿಲ್ಲಿಸಪ್ಪ, ಇನ್ನೂ ಚಿಕ್ಕ ಮಕ್ಕಳಾದರೂ ಉಳಿದುಕೊಳ್ಳಲಿ ಅಂದೆ.

“ಸರ್, ಒಮ್ಮೆಲೇ ನಿಲ್ಲಿಸಿದ್ರೆ ಬಿ.ಪಿ.ಯವರು ಪಟಪಟ ಅಂತ ಬೀಳ್ತಾರೆ. ಒಂದು ಊರಲ್ಲಿ ನಿಲ್ಲಿಸಿ ನೋಡಿದ್ದೂ ಆಯ್ತು, ಆಸ್ಪತ್ರೇಲಿ ಜಾಗ ಸಾಲಲಿಲ್ಲ,” ಅಂದ. ಆಮೇಲೆ ದನಿ ತಗ್ಗಿಸಿದ. “ಬೇಜಾರು ಮಾಡ್ಕೋಬೇಡಿ ಸರ್, ನಾನೇ ಫೋನ್ ಮಾಡೋಣ ಅಂತಿದ್ದೆ. ನಿದ್ದೆ ಬಾರದ ಹುಡುಗರಿಗೆ ಅಂತ ಒಂದು ಹೊಸ ಸರಣಿ ಮಾಡ್ತಿದ್ದೀವಿ. ‘ಶಾಂತ ನಿದ್ದೆ’ ಅಂತ ಚೀಟಿ. ನಿಮ್ಮ ಕೈಯ ಹದ ಬೇರೆ ಯಾರಿಗೂ ಇಲ್ಲ ಸರ್. ಎಂದಿನ ಥರಾನೇ, ಮುಗೀಬಾರದು ಅಷ್ಟೆ.”

ಫೋನನ್ನು ಗೋಡೆಗೆ ಎಸೆದೆ. ಒಡೆಯಲೂ ಇಲ್ಲ ಅದು. ಸಲೋಮಿ ಎತ್ತಿ ಮೇಜಿನ ಮೇಲಿಟ್ಟು, “ಬೇರೆ ಯಾರೋ ಬರ್ಕೊಡ್ತಾರೆ ಬಿಡಿ,” ಅಂದಳು. ಬರೆದುಕೊಟ್ಟರು ಕೂಡ.

ಎಸ್ತಿ ಸೊರಗುತ್ತಾ ಬಂದಳು. ಶಾಲೆ ಬಿಟ್ಟಳು. ಅಡುಗೆಮನೆಗೆ ಬಂದವಳು ಯಾಕೆ ಬಂದೆ ಅಂತ ಮರೆತು ನಿಲ್ಲೋಳು. ಆದರೆ ಭಯ ಅಂತ ಒಂದು ದಿನವೂ ಕಾಣಲಿಲ್ಲ ಅವಳಲ್ಲಿ. ದಸರಾ ಕ್ರೀಡಾಕೂಟಕ್ಕೆ ಯಾವ ಹುಡುಗೀರನ್ನ ಆರಿಸಬೇಕು ಅಂತ ಲೆಕ್ಕ ಹಾಕೋಳು. ಜೊತೆಯಲ್ಲಿ ಓದಿದವಳೊಬ್ಬಳು ತೀರಿಹೋದ ಸುದ್ದಿ ಬಂದರೆ, “ಹೌದಾ? ಮತ್ತೆ ಯಾವಾಗ ಸಿಕ್ತಾಳಂತೆ?” ಅನ್ನೋಳು. ಸಲೋಮಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗೋಳು. ಇದೂ ಕಾಯಿಲೆಯದೇ ಲಕ್ಷಣ ಅಂದರು ರೇವತಿ. ಯಾವುದಕ್ಕೂ ಕೊನೆ ಇದೆ ಅನ್ನೋದು ಅವಳ ತಲೆಗೆ ಹೋಗುತ್ತಿರಲಿಲ್ಲ. ತನಗೂ ಇದೆ ಅನ್ನೋದು ಎಲ್ಲಿಂದ ಹೋಗಬೇಕು?

ಒಂದು ಮಧ್ಯಾಹ್ನ ರೇವತಿ ತಾವೇ ಮೈಸೂರಿಗೆ ಬಂದರು. ಊಟ ಮಾಡಿ ಅಂದರೆ ಬೇಡ ಅಂದರು. ಎಸ್ತಿಯ ಎದೆಗೆ ಸ್ಟೆತಸ್ಕೋಪು ಇಟ್ಟು, ಆಮೇಲೆ ನಮ್ಮನ್ನು ಜಗುಲಿಗೆ ಕರೆದರು.

“ಉಳಿದಿರೋದು ಒಂದೇ ದಾರಿ. ಬೇರೆಯವರು ಮುಗಿಸಿದರೆ ನಂಬಲ್ಲ. ತಾನೇ ಹಾಡಿ, ತಾನೇ ನಿಲ್ಲಿಸಿದರೆ ಮೆದುಳು ನಂಬಬಹುದು. ನಿಲ್ಲಿಸೋ ಕೆಲಸವನ್ನ ಅದೇ ಮಾಡಿರುತ್ತಲ್ಲ. ಒಬ್ಬ ಹುಡುಗನಲ್ಲಿ ಗೆರೆ ಪೂರ್ತಿ ಇಳಿದದ್ದನ್ನ ನೋಡಿದ್ದೀನಿ.”

“ಅವನು ನಿದ್ದೆ ಮಾಡಿದನಾ?” ಸಲೋಮಿ ಕೇಳಿದಳು.

“ಅವನ ಹೃದಯ ಅಷ್ಟೊತ್ತಿಗೆ ಸೋತಿತ್ತಮ್ಮ.” ಆಕೆ ನನ್ನ ಕಡೆ ತಿರುಗಿದರು. “ನೀವು ಹಿಂದೆ ಹಿಂದೆ ನುಡಿಸ್ತಾ ಹೋಗಿ. ಆದರೆ ಅವಳಿಗಿಂತ ಮುಂಚೆ ನೀವು ನಿಲ್ಲಿಸಬಾರದು. ನೀವು ನಿಲ್ಲಿಸಿದರೆ ಅದೂ ನೀವು ಮಾಡಿದ ಮುಕ್ತಾಯವೇ ಆಗುತ್ತೆ, ಇದೂ ಕೈತಪ್ಪಿ ಹೋಗುತ್ತೆ. ಅವಳಿಗೆ ಸುಸ್ತಾಗುತ್ತೆ, ಹೃದಯದ ಮೇಲೆ ಭಾರ ಬೀಳುತ್ತೆ. ನೋಡಿ, ನಾನು ಬಲವಂತ ಮಾಡಲ್ಲ.”

ಸಲೋಮಿ ನನ್ನ ಮುಖ ನೋಡಿದಳು. ಸುಮ್ಮನಿದ್ದರೂ ಮಗಳು ಹೋಗ್ತಾಳೆ ಅನ್ನೋದು ನಮ್ಮಿಬ್ಬರಿಗೂ ಗೊತ್ತಿತ್ತು. ಆಯಿತು ಅಂದೆವು.

ಎಸ್ತಿಯನ್ನು ನಡುಮನೆಯ ದಿವಾನದ ಮೇಲೆ ದಿಂಬು ಒರಗಿಸಿ ಕೂರಿಸಿದೆವು. ನಾನು ನೆಲದ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂತೆ. ಸಲೋಮಿ ಮಗಳ ಪಕ್ಕ ಕೂತು ಮಣಿಕಟ್ಟು ಹಿಡಿದುಕೊಂಡಳು, ಅಭ್ಯಾಸಬಲ, ಬೆರಳು ತಾನಾಗಿ ನಾಡಿಗೆ ಹೋಯಿತು. ರೇವತಿ ಬಾಗಿಲ ಬಳಿ ನಿಂತರು.

“ಏನ್ ಹಾಡ್ಲಿ ಪಪ್ಪ?”

“ನಿನಗೆ ಬಂದದ್ದು ಹಾಡು ಮಗಳೇ. ಸಾಕು ಅನ್ನಿಸಿದಾಗ ನೀನೇ ನಿಲ್ಲಿಸು.”

“ಸಾಕು ಅಂದ್ರೆ?”

“ಸಾಕು ಅಂದ್ರೆ... ಹಾಡು, ಗೊತ್ತಾಗುತ್ತೆ.”

ಅವಳು ಕಣ್ಣರಳಿಸಿ ಶುರುಮಾಡಿದಳು. ತಾನೇ ಕಟ್ಟಿದ ಹಾಡು. ಅಮ್ಮನ ಮೀನಿನ ಸಾರು, ಹಿತ್ತಲ ಸೀಬೆಮರ, ಗ್ಯಾರೇಜಿನಿಂದ ಗಡ್ಡ ಬಿಟ್ಟುಕೊಂಡು ಹೊರಗೆ ಬರುವ ಪಪ್ಪ. ಆಟದಲ್ಲಿ ಮೊಣಕಾಲು ತರಚಿಕೊಂಡ ಹುಡುಗಿಯರ ಹೆಸರೆಲ್ಲ ಸೇರಿಸಿದಳು. ರಾಗ ಅಲ್ಲಲ್ಲಿ ಜಾರ್ತಿತ್ತು, ನಾನು ಹಿಂದೆಯೇ ಹೋಗಿ ಹಿಡಿದುಕೊಳ್ತಿದ್ದೆ. ಇಷ್ಟು ವರ್ಷ ಕಸುಬು ಮಾಡಿದೆನಲ್ಲ, ಇಂಥ ಸಂಗೀತ ಒಂದು ದಿನವೂ ನುಡಿಸಿರಲಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು. ಹೌದು ಕಣ್ರೀ, ಖುಷಿಗೇ.

ಹಾಡು ಸಾಗಿತು. ಬಿಸಿಲು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಎಸ್ತಿಯ ದನಿ ಸಣ್ಣದಾಯಿತು. ಹಣೆಯಲ್ಲಿ ಬೆವರು.

“ನಾಡಿ ಸರಿಯಿಲ್ಲ ರೀ,” ಸಲೋಮಿ ಪಿಸುಗುಟ್ಟಿದಳು. “ತಪ್ಪಿ ತಪ್ಪಿ ಹೊಡ್ಕೋತಿದೆ. ನಿಲ್ಲಿಸಿ.”

ನಾನು ರೇವತಿಯ ಕಡೆ ನೋಡಿದೆ. ಆಕೆ ನೆಲ ನೋಡ್ತಿದ್ದರು.

“ಎಸ್ತಿ, ನೀನು ನಿಲ್ಲಿಸಮ್ಮ. ಸಾಕು ಅನ್ನಿಸಲ್ವಾ?” ಸಲೋಮಿ ಅವಳ ಗಲ್ಲ ಹಿಡಿದು ಕೇಳಿದಳು. ಎಸ್ತಿ ನಕ್ಕು, ತಲೆ ಅಲ್ಲಾಡಿಸಿ, ಇನ್ನೊಂಚೂರು ಅಂತ ಬೆರಳಲ್ಲಿ ತೋರಿಸಿ ಹಾಡಿದಳು.

“ರೀ, ದಮ್ಮಯ್ಯ, ನಿಲ್ಲಿಸ್ರೀ!”

ನಿಲ್ಲಿಸಬಹುದಿತ್ತು. ಕೈ ಎತ್ತಿದ್ದರೆ ಅವಳೂ ಬಹುಶಃ ಸುಮ್ಮನಾಗಿ, ‘ಆಮೇಲೆ?’ ಅಂತ ಕೇಳಿ, ಇನ್ನೊಂದೆರಡು ದಿನ ಕಣ್ಣು ಬಿಟ್ಟುಕೊಂಡು ಇರ್ತಿದ್ದಳು. ಆದರೆ ಅಷ್ಟರಲ್ಲಿ ಅವಳ ರಾಗ ಇಳಿಯೋಕೆ ಶುರುವಾಯಿತು. ನನಗೆ ಗೊತ್ತಾಗಲ್ವಾ? ಸ್ವರ ಸ್ವರವೂ ಮನೆಯ ಕಡೆ ಹೆಜ್ಜೆ ಹಾಕ್ತಿತ್ತು. ನಾನು ಹೇಳಿಕೊಟ್ಟದ್ದಲ್ಲ, ನನ್ನ ಯಾವ ತುಣುಕಿನಲ್ಲೂ ಇರಲಿಲ್ಲ ಅದು. ಬಾ ಮಗಳೇ, ಬಾ, ಇನ್ನೊಂದು ಸ್ವರ, ಅಂತ ಮನಸ್ಸಿನಲ್ಲೇ ಅಂಗಲಾಚಿದೆ. ರೇವತಿಯೂ ತಲೆ ಎತ್ತಿದರು. ಎಸ್ತಿಯ ರೆಪ್ಪೆ ಭಾರವಾಗಿ ಅರ್ಧ ಮುಚ್ಚಿತು. ಅವಳ ಮುಖದಲ್ಲಿ ಅಂಥ ಆಯಾಸವನ್ನು, ಅಂಥ ಸುಖವನ್ನು ನಾನು ನೋಡಿರಲಿಲ್ಲ.

ಆ ಕೊನೆಯ ಸ್ವರದ ಬಾಗಿಲಲ್ಲಿ ಅವಳು ಒಂದು ಕ್ಷಣ ತಡೆದಳು. ರೆಪ್ಪೆ ತೆರೆಯಿತು. “ಆಮೇಲೆ...” ಅಂತ ರಾಗ ಎಳೆದು ಮತ್ತೆ ಸೀಬೆಮರಕ್ಕೆ ಹೋದಳು.

ನಾನು ಅವಳ ಹಿಂದೆ ಹೋದೆ. ಇನ್ನೊಂದು ಸಲ ಬಂದೇ ಬರ್ತಾಳೆ ಅಂತ ಹೋದೆ. ಸೀಬೆಮರ, ಮರದ ಮೇಲೆ ಅಳಿಲು, ಅಳಿಲಿನ ಬಾಯಲ್ಲಿ ಏನೋ ಒಂದು. ಅದು ಏನು ಅಂತ ಹೇಳೋ ಮಾತು ಅರ್ಧ ಬಂತು. ಉಳಿದದ್ದು ಬರಲಿಲ್ಲ.

ನಾನು ನುಡಿಸುತ್ತಾ ಕಾದೆ. ಉಸಿರು ತಗೋತಿದ್ದಾಳೆ ಅಂದುಕೊಂಡೆ. ಸಲೋಮಿ ಮಣಿಕಟ್ಟು ಬಿಡದೆ ಕೂತಿದ್ದಳು, ಬೆರಳು ಅತ್ತಿತ್ತ ಸರಿಸಿ ನಾಡಿ ಹುಡುಕಿದಳು. ರೇವತಿ ಹತ್ತಿರ ಬಂದು ನನ್ನ ಭುಜ ಮುಟ್ಟಿದರು. ನಾನು ನಿಲ್ಲಿಸಲಿಲ್ಲ. ಅವಳಿಗಿಂತ ಮುಂಚೆ ನಿಲ್ಲಿಸಬಾರದು ಅಂದಿದ್ದರಲ್ಲ?

“ಸಾಕು ರೀ,” ಅಂದಳು ಸಲೋಮಿ.

ಹಾರ್ಮೋನಿಯಂನ ಗಾಳಿ ತಾನಾಗಿ ಖಾಲಿಯಾಯಿತು. ಎಸ್ತಿಯ ಕಣ್ಣು ತೆರೆದೇ ಇತ್ತು. ಸಲೋಮಿ ಅಂಗೈಯಿಂದ ರೆಪ್ಪೆ ಮುಚ್ಚಿದಳು. ಕೈ ತೆಗೆದ ಕೂಡಲೆ ಮೆಲ್ಲಗೆ ತೆರೆದುಕೊಂಡವು. ಮತ್ತೆ ಮುಚ್ಚಿದಳು, ಮತ್ತೆ ತೆರೆದವು. ಆಸ್ಪತ್ರೆಯಲ್ಲಿ ಎಷ್ಟೋ ಜನಕ್ಕೆ ಈ ಕೆಲಸ ಮಾಡಿದವಳು, ಏನು ಮಾಡಬೇಕು ಅಂತ ತೋಚದೆ ನನ್ನ ಕಡೆ ನೋಡಿದಳು. ನಾನು ಎದ್ದು ಹೋಗಿ ಒಂದು ಕಣ್ಣಿನ ಮೇಲೆ ಕೈಯಿಟ್ಟೆ, ಅವಳು ಇನ್ನೊಂದರ ಮೇಲಿಟ್ಟಳು. ಹಾಗೇ ಒತ್ತಿ ಹಿಡಿದುಕೊಂಡು ಇಬ್ಬರೂ ಕೂತೆವು.